ಹಳಿಯ ಆಚೆಯೋ, ಈಚೆಯೋ?

ಪ್ರಶ್ನೆ: ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಎರಡು ಬಡಾವಣೆ ಹಿಡಿಸಿವೆ, ಎರಡರ ಮಧ್ಯೆ ಇರುವುದು ರೈಲು ಹಳಿ ಮಾತ್ರ. ಈಚೆಯದು ಹಳೆಯದು. ರಸ್ತೆ ಇಕ್ಕಟ್ಟು, ಮನೆಗಳು ಸಣ್ಣವು, ಆದರೆ ಅಂಗಡಿ, ಆಸ್ಪತ್ರೆ ಎಲ್ಲ ಹತ್ತಿರ. ಆಚೆಯದು ಹೊಸದು. ಅಗಲ ರಸ್ತೆ, ದೊಡ್ಡ ಪಾರ್ಕು, ಗಾಳಿ ಬೆಳಕಿನ ಮನೆ. ನನ್ನ ಆಫೀಸು, ಮಗಳ ಶಾಲೆ ಎರಡೂ ಈಚೆ. ಜೊತೆಗೆ ಎಪ್ಪತ್ತು ದಾಟಿದ ಅಮ್ಮ ಇದ್ದಾರೆ. ಬಾಡಿಗೆ ಹೆಚ್ಚುಕಡಿಮೆ ಒಂದೇ. ಪಟ್ಟಿ ಮಾಡಿ ಅಂಕ ಹಾಕಿದೆ, ಎರಡೂ ಸಮ ಬಂದವು. ಹೊಸ ಬಡಾವಣೆಯ ವಿಳಾಸಕ್ಕೆ ಗೌರವ ಜಾಸ್ತಿ ಅಂತ ಗಂಡ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಅಂಕಪಟ್ಟಿ ಹರಿದು ಹಾಕಿ. ಪಾರ್ಕಿಗೆ ಹತ್ತಕ್ಕೆ ಎಂಟು, ನಿದ್ದೆಗೂ ಹತ್ತಕ್ಕೆ ಎಂಟು ಅಂತ ಕೂಡಿಸಿದರೆ ಸಮ ಬರದೆ ಇನ್ನೇನು ಬಂದೀತು?

ಅಕ್ಕಪಕ್ಕದ ಬಡಾವಣೆಗಳ ವಿಷಯಕ್ಕೆ ನಾನು ಕೇಳುವುದು ಒಂದೇ. ಪಕ್ಕದಲ್ಲಿದ್ದುಕೊಂಡೇ ಏನನ್ನು ಎರವಲು ಪಡೆಯಬಹುದು, ಏನನ್ನು ಆಗುವುದಿಲ್ಲ? ಪಾರ್ಕು ಎರವಲು ಸಿಗುತ್ತದೆ. ಭಾನುವಾರ ಮಗಳನ್ನು ಕರೆದುಕೊಂಡು ಹಳಿ ದಾಟಿದರಾಯಿತು. ಅಗಲ ರಸ್ತೆಯೂ ಅಷ್ಟೇ, ಸಂಜೆ ಒಂದು ಸುತ್ತು ಹಾಕಿ ಬನ್ನಿ. ಆದರೆ ರಾತ್ರಿಯ ನಿದ್ದೆ, ನಲ್ಲಿಯ ನೀರು, ಮಳೆಗಾಲದ ಅಂಗಳ, ಬೆಳಗಿನ ಓಡಾಟ, ಇವನ್ನು ಪಕ್ಕದ ಬಡಾವಣೆಯಿಂದ ತರಲಾಗುವುದಿಲ್ಲ ಅಲ್ವಾ?

ಓಡಾಟವನ್ನೇ ನೋಡಿ. ಹಳಿ ದಾಟಲು ಗೇಟ್ ಇದೆಯೋ, ಮೇಲ್ಸೇತುವೆ ಇದೆಯೋ ನೀವು ಬರೆದಿಲ್ಲ. ಗೇಟಾದರೆ ಶಾಲೆ, ಆಫೀಸು ಎರಡೂ ಅದರ ಕೈಯಲ್ಲಿ. ಮನೆ ತೋರಿಸುವವರು ಮಧ್ಯಾಹ್ನ ಕರೆದೊಯ್ಯುತ್ತಾರೆ, ಆಗ ಎಲ್ಲವೂ ಐದು ನಿಮಿಷದ ದಾರಿ. ನೀವು ಶಾಲೆ ಶುರುವಾಗುವ ಹೊತ್ತಿಗೆ ಹೋಗಿ ನಿಂತು ನೋಡಿ. ದೊಡ್ಡ ಮನೆ ಸಿಕ್ಕರೆ ಓಡಾಟ ಸಹಿಸಿಕೊಳ್ಳಬಹುದು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು ಸ್ಟುಟ್ಸರ್ ಮತ್ತು ಫ್ರೈ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಲೆಕ್ಕ ಕೂಡಿಬರಲಿಲ್ಲ. ಕೆಲಸಕ್ಕೆ ದೂರ ಓಡಾಡುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿಯನ್ನೇ ಹೇಳಿಕೊಂಡಿದ್ದರು.

ಸದ್ದಿನ ಮಟ್ಟಿಗೆ ಬಡಾವಣೆ ಲೆಕ್ಕಕ್ಕಿಲ್ಲ, ಮನೆ ಮುಖ್ಯ. ಹಳಿ ಇಬ್ಬರಿಗೂ ಸೇರಿದ್ದು ತಾನೇ. ರಾತ್ರಿ ರೈಲಿನ ಸದ್ದು ಸರಾಸರಿ 44 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಸಲಹೆ ಕೊಟ್ಟಿದೆ. ಹಳಿಯಿಂದ ದೂರ ಎರಡರಷ್ಟಾದರೂ ಇಳಿಯುವುದು ಸುಮಾರು 3 ಡೆಸಿಬೆಲ್. ಸದ್ದು ಅರ್ಧವಾಯಿತು ಅಂತ ಕಿವಿಗೆ ಅನ್ನಿಸಲು 10ರಷ್ಟು ಇಳಿಯಬೇಕು. ಹಾಗಾಗಿ 'ಹಳಿಯಿಂದ ಎರಡು ಮನೆ ಹಿಂದಕ್ಕಿದೆ' ಎಂಬ ಮಾತು ನಂಬಬೇಡಿ. ಮಧ್ಯೆ ಕಟ್ಟಡಗಳ ಸಾಲು ಅಡ್ಡ ಇದ್ದರೆ ಬೇರೆ ಮಾತು.

ಹಳೆಯ ಬಡಾವಣೆಗೆ ಅದರದೇ ರೋಗವಿದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ನಾನಂತೂ ಮನೆ ನೋಡಲು ಹೋದರೆ ಮೊದಲು ನೋಡುವುದು ಹೊಸ್ತಿಲನ್ನು. ರಸ್ತೆಯಿಂದ ಮನೆಗೆ ಹತ್ತಿ ಹೋಗಬೇಕೋ, ಇಳಿದು ಹೋಗಬೇಕೋ? ನೀವು ಇಳಿಯುವ ಕಡೆ ಮಳೆನೀರೂ ಇಳಿಯುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದೆಯಾ ನೋಡಿ. ಮೊಣಕಾಲೆತ್ತರಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಇನ್ನೂ ಅನುಮಾನ. ಬಾಗಿಲ ಚೌಕಟ್ಟಿನ ಕೆಳತುದಿಯನ್ನು ಹೆಬ್ಬೆರಳಲ್ಲಿ ಒತ್ತಿ. ಮರ ಮೆತ್ತಗಿದ್ದರೆ ಸುಮ್ನೆ ನಮಸ್ಕಾರ ಹೇಳಿ ಬಂದುಬಿಡಿ.

ಅಮ್ಮನನ್ನು ಮರೆಯಬೇಡಿ. 400 ಮೀಟರ್ ನಿಮಗೆ 5 ನಿಮಿಷ, ಅವರಿಗೆ ಅದರ ಎರಡರಷ್ಟಾಗಬಹುದು. ಔಷಧಿ ಅಂಗಡಿಗೆ ಯಾರನ್ನೂ ಕಾಯದೆ ಹೋಗಿಬರುವುದು ಅವರಿಗೆ ದೊಡ್ಡ ಮಾತು.

ಹಾಗಾಗಿ ನನ್ನ ಮತ ಈಚೆಗೆ. ಅಲ್ಲಿ ಹತ್ತಿ ಹೋಗುವ ಮನೆ, ಅದೂ ಹಳಿಗೆ ಬೆನ್ನು ಹಾಕಿದ ಮಲಗುವ ಕೋಣೆ ಸಿಗಬೇಕು. ಸಿಗದಿದ್ದರೆ, ಮತ್ತು ದಾಟಲು ಮೇಲ್ಸೇತುವೆ ಇದ್ದರೆ, ಧೈರ್ಯವಾಗಿ ಆಚೆ ಹೋಗಿ.

ವಿಳಾಸದ ಗೌರವ? ಸ್ವಲ್ಪ ಸಿಗುತ್ತದೆ, ಸುಳ್ಳಲ್ಲ. ವರ್ಷಕ್ಕೆ ಎಷ್ಟು ಜನ ವಿಳಾಸ ಕೇಳುತ್ತಾರೆ ಅಂತ ಗಂಡನನ್ನು ಕೇಳಿ. ಮಗಳನ್ನು ದಿನಾ ಶಾಲೆಗೆ ಬಿಡುವವರು ಯಾರು ಅಂತಲೂ ಜೊತೆಗೇ ಕೇಳಿಬಿಡಿ.