ಕೊಟ್ಟಿಗೆ ಬೇರೆ, ಸಾವಿರ ಮೇಕೆಗಳ ಫಾರ್ಮ್ ಬೇರೆ

ಮಾನ್ಯರೇ,

ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಹೊರವಲಯದಲ್ಲಿ ನಿಮ್ಮ ಮಗಳು ಹಿಡಿದಿರುವ ಮನೆಯ ಹತ್ತಿರ ದೊಡ್ಡ ಮೇಕೆ ಫಾರ್ಮ್ ಇದೆ, ಕಾಯಿಲೆ ಬರುತ್ತದೆಂದು ನೆರೆಯವರು ಹೆದರಿಸುತ್ತಾರೆ, ‘ಕೊಟ್ಟಿಗೆಯ ಪಕ್ಕದಲ್ಲೇ ಮಲಗಿ ಬೆಳೆದ ನಮಗೆ ಏನಾಯಿತು?’ ಎಂದು ಬರೆದಿದ್ದೀರಿ. ನಾನೂ ಸಗಣಿ ಬಾಚಿ, ಗಂಜಲ ತೊಳೆದು ಬೆಳೆದವನೇ. ಆದರೂ ನೆರೆಯವರ ಮಾತನ್ನು ತಳ್ಳಿಹಾಕಬೇಡಿ.

ಅವರು ಕಣ್ಣಾರೆ ಕಂಡವರು. ಐಂಡ್‌ಹೋವನ್ ಇರುವ ನೂರ್ಡ್ ಬ್ರಾಬಾಂಟ್ ಪ್ರಾಂತ್ಯವೇ 2007ರಿಂದ 2010ರವರೆಗೆ ಹಬ್ಬಿದ, ಪ್ರಾಣಿಗಳಿಂದ ಮನುಷ್ಯರಿಗೆ ತಗಲುವ ಕ್ಯೂ ಜ್ವರದ ಕೇಂದ್ರವಾಗಿತ್ತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರಲ್ಲಿ ಸೋಂಕು ದಾಖಲಾಯಿತು. ಮೂಲ, ಹಾಲಿನ ಮೇಕೆ. ಸೋಂಕು ತಗುಲಿದ ಗಬ್ಬದ ಮೇಕೆ ಕಂದು ಹಾಕಬಹುದು. ಅದರ ಮಾಸಿನ ಒಂದೇ ಗ್ರಾಂನಲ್ಲಿ ಈ ಜ್ವರ ತರುವ ಕಾಕ್ಸಿಯೆಲ್ಲಾ ಬ್ಯಾಕ್ಟೀರಿಯಾ ನೂರು ಕೋಟಿಯಷ್ಟು ಇರಬಹುದು. ಅದು ಕೆಳಗೆ ಹಾಸಿದ ಹುಲ್ಲಿಗೆ ಸೇರುತ್ತದೆ. ಹುಲ್ಲು ಗೊಬ್ಬರವಾಗಿ, ಒಣಗಿ, ಧೂಳಾಗಿ ಗಾಳಿಗೇರುತ್ತದೆ. ಮೇಕೆಯನ್ನು ಮುಟ್ಟದವರೂ ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದ್ದು ಹೀಗೆ. ಫಾರ್ಮಿನಿಂದ ಐದು ಕಿ.ಮೀ. ಆಚೆಯವರಿಗಿಂತ ಎರಡು ಕಿ.ಮೀ. ಒಳಗಿನವರಿಗೆ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಕೊನೆಗೆ ಸರ್ಕಾರ ಐವತ್ತು ಸಾವಿರಕ್ಕೂ ಹೆಚ್ಚು ಗಬ್ಬದ ಮೇಕೆಗಳನ್ನು ಕೊಲ್ಲಿಸಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

2010ರಿಂದ ಮೇಕೆಗಳಿಗೆ ಲಸಿಕೆ ಕಡ್ಡಾಯವಾಗಿ ಕ್ಯೂ ಜ್ವರ ಬಹಳ ಇಳಿದಿದೆ. ಆದರೆ ಆಮೇಲಿನ ಡಚ್ ಅಧ್ಯಯನಗಳಲ್ಲೂ ಮೇಕೆ ಫಾರ್ಮಿನ ಸುತ್ತ ನ್ಯುಮೋನಿಯಾ ಹೆಚ್ಚೇ ಕಂಡಿದೆ.

ನಿಮ್ಮ ಅನುಭವವೂ ಸುಳ್ಳಲ್ಲ. 2016ರಲ್ಲಿ ಅಮೆರಿಕದ ಎರಡು ಕೃಷಿಕ ಸಮುದಾಯಗಳನ್ನು ಹೋಲಿಸಿ ನೋಡಿದರು. ಮನೆಗೆ ಅಂಟಿಕೊಂಡೇ ಕೊಟ್ಟಿಗೆಯಿರುವ, ಮಕ್ಕಳು ಅದರೊಳಗೇ ಆಡುವ ಆಮಿಶರ ಮಕ್ಕಳಲ್ಲಿ ಆಸ್ತಮಾ ಸುಮಾರು 5%. ಯಂತ್ರಗಳ ದೊಡ್ಡ ಫಾರ್ಮ್ ನಡೆಸುವ ಹಟ್ಟರೈಟರ ಮಕ್ಕಳಲ್ಲಿ 21%. ಆಮಿಶರ ಮನೆಯ ಧೂಳಿನಲ್ಲಿರುವ ಬ್ಯಾಕ್ಟೀರಿಯಾಗಳ ಅಂಶವೇ ಮಕ್ಕಳ ರೋಗನಿರೋಧಕ ಶಕ್ತಿಯನ್ನು ಪಳಗಿಸುತ್ತಿರಬಹುದು ಎಂದು ಸಂಶೋಧಕರು ಅಭಿಪ್ರಾಯಪಟ್ಟರು. ಅಂದರೆ ಎಳವೆಯಲ್ಲಿ ನಾಲ್ಕು ರಾಸುಗಳ ಜೊತೆ ಬೆಳೆದದ್ದು ನಮಗೆ ಒಳ್ಳೆಯದನ್ನೇ ಮಾಡಿರಬಹುದು. ಹಾಗೆಂದು ನಮ್ಮ ಕೊಟ್ಟಿಗೆಗಳನ್ನೂ ಪೂರ್ತಿ ನಂಬುವಂತಿಲ್ಲ. ಹಸಿ ಹಾಲಿನಿಂದ, ಕಂದು ಹಾಕಿದ ಹಸುವಿಗೆ ಬರಿಗೈಯಲ್ಲಿ ಆರೈಕೆ ಮಾಡುವುದರಿಂದ ಬರುವ ಬ್ರುಸೆಲ್ಲಾ ಜ್ವರ ನಮ್ಮ ಹಳ್ಳಿಗಳಲ್ಲೂ ಉಂಟು.

ಮಗಳಿಗೆ ಮನೆ ಬಿಡಿ ಎಂದು ನಾನು ಹೇಳುವುದಿಲ್ಲ. ಫಾರ್ಮ್ ಎಷ್ಟು ದೂರದಲ್ಲಿದೆ ಎಂದು ಮೊದಲು ಅಳೆಯಲಿ. ಗರ್ಭಿಣಿಯಾದರೆ, ಅಥವಾ ಹೃದಯದ ಕವಾಟದ ತೊಂದರೆಯಿದ್ದರೆ, ಈಗಲೇ ವೈದ್ಯರಿಗೆ ತಿಳಿಸಲಿ. ಜ್ವರ, ಕೆಮ್ಮು ಬಂದು ವಾರವಾದರೂ ಬಿಡದಿದ್ದರೆ, ‘ನಾನು ಮೇಕೆ ಫಾರ್ಮಿನ ಹತ್ತಿರ ಇದ್ದೇನೆ’ ಎಂಬ ಮಾತನ್ನು ವೈದ್ಯರು ಕೇಳುವ ಮೊದಲೇ ಹೇಳಲಿ.

— ಸಂಪಾದಕ