ಬೆಟ್ಟದ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆನೆ, ಹುಲಿ, ಹಾವಿನ ಕುರಿತೇ ಇವೆ. ಹೊತ್ತು, ನೀರು, ಶೂ ಬಗ್ಗೆ ಕೇಳಿದವರು ಬೆರಳೆಣಿಕೆಯಷ್ಟು. ಪಶ್ಚಿಮ ಘಟ್ಟದಲ್ಲಿ ಚಾರಣಿಗರು ಹೆಚ್ಚಾಗಿ ಸಿಕ್ಕಿಬೀಳುವುದು ಈ ಎರಡನೆಯ ಪಟ್ಟಿಯಲ್ಲಿ. ಹಾಗಾಗಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳಿಯಬಹುದೆ? ನನಗೆ 42 ವರ್ಷ, ಕೂತು ಮಾಡುವ ಕೆಲಸ. ಆರೋಗ್ಯ ಚೆನ್ನಾಗಿದೆ.
– ಓದುಗರು, ದಾವಣಗೆರೆ

ಲೆಕ್ಕ ಹಾಕಿ ನೋಡೋಣ. ಬೆಟ್ಟದ ನಡಿಗೆಗೆ ಹಳೆಯದೊಂದು ಸೂತ್ರವಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ; ಕುಮಾರ ಪರ್ವತದ ತುದಿ 1,712 ಮೀಟರ್. ಅಂದರೆ ಹತ್ತಿರ ಹತ್ತಿರ 1,600 ಮೀಟರ್ ಏರು, ದೂರ ಸುಮಾರು 13 ಕಿಲೋಮೀಟರ್. ಸೂತ್ರದ ಪ್ರಕಾರ ಹತ್ತುವುದಕ್ಕೇ ಐದೂಕಾಲು ಗಂಟೆ. ಅದೂ ಅಭ್ಯಾಸವಿರುವವರು ಎಲ್ಲೂ ಕೂರದೆ ನಡೆದರೆ. ಬೆನ್ನಿಗೆ ಚೀಲ, ತಲೆಗೆ ಬಿಸಿಲು, ನಡುವೆ ಊಟ, ಹತ್ತು ಸಲ ಫೋಟೊ ಎಂದುಕೊಂಡರೆ ಏಳು ಗಂಟೆ. ಇಳಿಯಲು ನಾಲ್ಕೂವರೆಯಿಂದ ಐದು. ಒಟ್ಟು ಹನ್ನೆರಡು ಗಂಟೆ ಆಯಿತು, ಡಿಸೆಂಬರಿನಲ್ಲಿ ಬೆಳಕಿರುವುದೂ ಅಷ್ಟೇ ಹೊತ್ತು. ಒಬ್ಬರ ಕಾಲು ಉಳುಕಿದರೆ, ದಾರಿ ಒಂದು ಸಲ ತಪ್ಪಿದರೆ, ಕೆಳಗಿನ ಕಾಡಿನ ಭಾಗವನ್ನು ಕತ್ತಲಲ್ಲಿ ಇಳಿಯಬೇಕು. ಆ ಭಾಗದಲ್ಲಿ ಬೇರುಗಳೇ ಮೆಟ್ಟಿಲು. ಹಗಲಲ್ಲೇ ಎಡವುವ ಜಾಗ.

ನಿಮಗೆ ಎರಡು ದಿನದ ಯೋಜನೆಯೇ ಸರಿ. ಮೊದಲ ದಿನ ನಡುದಾರಿಯ ಗಿರಿಗದ್ದೆವರೆಗೆ ನಡೆದು ಅಲ್ಲಿ ತಂಗುವುದು, ಮರುದಿನ ಅರಣ್ಯ ಇಲಾಖೆಯ ತಪಾಸಣೆ ಠಾಣೆ ತೆರೆಯುತ್ತಲೇ ಹೊರಡುವುದು. ಗಿರಿಗದ್ದೆಯ ಭಟ್ಟರ ಮನೆಯ ಅನ್ನ-ಸಾಂಬಾರು ಚಾರಣಿಗರಿಗೆ ಹಳೆಯ ಪರಿಚಯ. ಆದರೆ ಮೊದಲೇ ತಿಳಿಸದೆ ಹೋಗಬೇಡಿ. ಶಿಖರದ ಮೇಲೆ ರಾತ್ರಿ ತಂಗಲು ಅನುಮತಿಯಿಲ್ಲ. ಬೆಟ್ಟ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ಮುಗಿಬಿದ್ದ ಮೇಲೆ ಅನುಮತಿ ಆನ್‌ಲೈನ್ ಆಗಿದೆ. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿಯನ್ನೇ ಮುಚ್ಚುವುದುಂಟು, ಕೆಲಸಕ್ಕೆ ರಜೆ ಹಾಕುವ ಮೊದಲು ಅದನ್ನು ನೋಡಿಕೊಳ್ಳಿ.

ಗಿರಿಗದ್ದೆ ದಾಟಿದರೆ ಬೋಳು ಹುಲ್ಲುಗಾವಲು, ನೆರಳಿಲ್ಲ. ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ, ಆದರೆ ಬೇಸಿಗೆ ಹತ್ತಿರವಾದಷ್ಟೂ ಅದನ್ನು ನಂಬುವಂತಿಲ್ಲ. ಹೊರಡುವಾಗಲೇ ತಲೆಗೆ 3 ಲೀಟರ್ ಇರಲಿ. ಬರೀ ನೀರು ಕುಡಿಯುತ್ತಾ ಬೆವರುತ್ತಾ ಹೋದರೆ ಮೈಯ ಉಪ್ಪಿನಂಶ ತೆಳುವಾಗಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ಜನ ಅದನ್ನು ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಕುಡಿಯುತ್ತಾರೆ. ಒಂದು ಲೀಟರನ್ನು ಓಆರ್‌ಎಸ್‌ ಮಾಡಿಕೊಳ್ಳಿ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಬೇಡಿ, ಗಟ್ಟಿಯಾದರೆ ಹೊಟ್ಟೆ ಕೆಡುತ್ತದೆ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರಿಗೆ 6 ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಎಲ್ಲಿ ಮೋಸ ಹೋಗುತ್ತಾರೆ ಅಂದರೆ ಶೇಷ ಪರ್ವತದಲ್ಲಿ. ಕೆಳಗಿನಿಂದ ನೋಡಿದರೆ ಅದೇ ತುದಿ ಅನ್ನಿಸುತ್ತದೆ. ಉಸಿರೆಲ್ಲ ಖರ್ಚು ಮಾಡಿ ಅಲ್ಲಿಗೆ ಬಂದ ಮೇಲೆ ಗೊತ್ತಾಗುವುದು: ಇನ್ನೂ ಒಂದು ಶೋಲಾ ಕಾಡಿಗೆ (ಹುಲ್ಲುಗಾವಲಿನ ನಡುವಿನ ಮರಗಾಡು) ಇಳಿದು, ನೀರು ಜಿನುಗುವ ಬಂಡೆ ಏರಿದರೆ ಕುಮಾರ ಪರ್ವತ. ಆದ್ದರಿಂದ ಹೊರಡುವಾಗಲೇ ಹಿಂತಿರುಗುವ ಹೊತ್ತು ಗೊತ್ತು ಮಾಡಿ. ಮಧ್ಯಾಹ್ನ 12 ಅಂದರೆ 12; ಶೇಷ ಪರ್ವತದಲ್ಲೇ ಇದ್ದರೂ ಸರಿ, ಅಲ್ಲಿಂದಲೇ ವಾಪಸ್.

ತಯಾರಿಗೆ ಆರು ವಾರ ಬೇಕು. ಒಂದು ಮಹಡಿ ಸುಮಾರು 3 ಮೀಟರ್ ಎಂದುಕೊಳ್ಳಿ. ಬೆನ್ನಿಗೆ 5–6 ಕಿಲೋ ಹಾಕಿಕೊಂಡು ಗಂಟೆಯೊಳಗೆ 70 ಮಹಡಿಯಷ್ಟು ಮೆಟ್ಟಿಲು ಹತ್ತುವ ಮಟ್ಟಕ್ಕೆ ಬನ್ನಿ. ಲಿಫ್ಟಿನಲ್ಲಿ ಇಳಿದರೆ ಅರ್ಧ ಅಭ್ಯಾಸ ವ್ಯರ್ಥ: ಮರುದಿನ ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕಿಂತ ಇಳಿದದ್ದರಿಂದ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಚಿತ್ರದುರ್ಗದ ಕೋಟೆ ನಿಮಗೆ ಹತ್ತಿರವೇ ಇದೆ, ಭಾನುವಾರಕ್ಕೆ ಅದಕ್ಕಿಂತ ಒಳ್ಳೆಯ ಜಿಮ್ ಬೇಡ. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ಶೂಗೆ ಗುದ್ದಿ ಉಗುರು ಕಪ್ಪಾಗುತ್ತದೆ.

ಮಳೆಗಾಲದ ಚಾರಣಕ್ಕೆ ಹೋದರೆ ಇಂಬಳ ತಪ್ಪಿದ್ದಲ್ಲ. ಉಪ್ಪು, ಬೆಂಕಿಕಡ್ಡಿ, ಡೆಟಾಲ್ ಯಾವುದು ಒಳ್ಳೆಯದು?
– ಓದುಗರು, ಬೆಂಗಳೂರು

ಕಚ್ಚಿಕೊಂಡ ಮೇಲೆ ಈ ಮೂರೂ ಬೇಡ, ಉಗುರು ಸಾಕು. ಇಂಬಳಕ್ಕೆ (ಕೆಲವು ಕಡೆ ಉಂಬಳ) ಎರಡು ತುದಿಯಲ್ಲೂ ಹೀರುಬಟ್ಟಲಿದೆ. ಸಣ್ಣಗಿರುವ ತುದಿ ಬಾಯಿ, ದಪ್ಪಗಿರುವುದು ಹಿಡಿತಕ್ಕೆ. ಹೊಸಬರು ದಪ್ಪ ತುದಿಯನ್ನೇ ಹಿಡಿದು ಎಳೆಯುತ್ತಾರೆ, ಅದು ರಬ್ಬರಿನಂತೆ ಉದ್ದವಾಗುತ್ತದೆ ಹೊರತು ಬಿಡುವುದಿಲ್ಲ. ಸಣ್ಣ ತುದಿಯ ಪಕ್ಕದಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಉಗುರನ್ನು ಚರ್ಮಕ್ಕೆ ಒತ್ತಿ ಅಡಿಯಿಂದ ಸರಿಸಿ. ಬಾಯಿ ಬಿಟ್ಟ ತಕ್ಷಣ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ ಚಿಮ್ಮಿ. ತಡ ಮಾಡಿದರೆ ನಿಮ್ಮ ಬೆರಳಿಗೇ ಅಂಟುತ್ತದೆ. ಉಪ್ಪು ಹಾಕಿದರೆ, ಬೆಂಕಿ ಮುಟ್ಟಿಸಿದರೆ ಬಿಡುತ್ತದೆ ನಿಜ. ಆದರೆ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುವ ಸಂಭವವಿದೆ. ಸೋಂಕಿಗೆ ಅದೇ ದಾರಿ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಅದರ ಜೊಲ್ಲಿನಲ್ಲಿದೆ. ಹಾಗಾಗಿ ಇಂಬಳ ಹೋದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗಬಹುದು. ಸೋಪು ನೀರಿನಲ್ಲಿ ತೊಳೆದು, ಹತ್ತಿ ಇಟ್ಟು, ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಪಟ್ಟಿ ಹಾಕಿ. ಕೆರೆತ ವಾರವಿಡೀ ಇರುತ್ತದೆ, ಕೆರೆಯದಿದ್ದರೆ ಬೇಗ ಮಾಯುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಇಂಬಳದ ಕಾಡಿಗೆ ಹೋಗುವ ಮುಂಚೆ ವೈದ್ಯರನ್ನು ಕೇಳುವುದು ಒಳ್ಳೆಯದು.

ತಡೆಯುವುದಕ್ಕಾದರೆ ಉಪ್ಪು, ಹೊಗೆಸೊಪ್ಪು ಉಪಯೋಗಕ್ಕೆ ಬರುತ್ತವೆ. ಮಲೆನಾಡಿನವರು ಹೊಗೆಸೊಪ್ಪು, ಸುಣ್ಣ, ಎಣ್ಣೆ ಸೇರಿಸಿ ಕಾಲಿಗೆ ಹಚ್ಚುವುದೂ ಉಂಟು. ಬರೀ ಉಪ್ಪು ಒಂದು ಮಳೆಗೆ ತೊಳೆದುಹೋಗುತ್ತದೆ. ಎಣ್ಣೆ ಇದ್ದರೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತದೆ. ಎಲ್ಲಕ್ಕಿಂತ ನೆಚ್ಚಬಹುದಾದದ್ದು ಮೊಣಕಾಲುವರೆಗಿನ, ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಕಾಲುಚೀಲ. ಪ್ಯಾಂಟಿನ ಮೇಲೆ ಹಾಕಿ, ಪಾದದ ಭಾಗ ಶೂ ಒಳಗಿರಲಿ, ದಾರವನ್ನು ಮೊಣಕಾಲಿನ ಕೆಳಗೆ ಕಟ್ಟಿ. ತಿಳಿ ಬಣ್ಣದ್ದಾದರೆ ಹತ್ತುತ್ತಿರುವ ಇಂಬಳ ಕಣ್ಣಿಗೆ ಬೀಳುತ್ತದೆ. ಸಾಮಾನ್ಯ ಸಾಕ್ಸ್‌ನ ಹೆಣಿಗೆಯಲ್ಲಿ ತೂತು ದೊಡ್ಡದು, ಹಸಿದ ಇಂಬಳ ದಾರದಷ್ಟು ಸಣ್ಣಗಾಗಿ ಅದರಲ್ಲೇ ತೂರುತ್ತದೆ.

ನೆಲದ ಅದುರು, ಮೈಯ ಬಿಸಿ, ಉಸಿರು ಇವೇ ಅದಕ್ಕೆ ಸುಳಿವು. ಹಸಿ ತರಗೆಲೆಯ ಮೇಲೆ ನಿಂತು ಕಾಲುಚೀಲ ಪರೀಕ್ಷಿಸುವವರಿಗೆ ಒಂದು ಬಿಡಿಸುವಷ್ಟರಲ್ಲಿ ನಾಲ್ಕು ಹತ್ತಿರುತ್ತವೆ. ಬಂಡೆ ಅಥವಾ ಬಿಸಿಲು ಬೀಳುವ ಜಾಗ ಸಿಗುವ ತನಕ ನಡೆಯುತ್ತಲೇ ಇರಿ.

ಜನವರಿಯಲ್ಲಿ ಸಾಗರದ ಕಡೆ ಕಾಡು ಸುತ್ತುವ ಆಸೆ. ಮನೆಯವರು ಮಂಗನ ಕಾಯಿಲೆ ಎಂದು ಬೇಡ ಅನ್ನುತ್ತಿದ್ದಾರೆ. ಅಷ್ಟು ಹೆದರಬೇಕೆ?
– ಓದುಗರು, ಹುಬ್ಬಳ್ಳಿ

ಮನೆಯವರು ಹೇಳಿದ್ದರಲ್ಲಿ ಹುರುಳಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಹರಡುವುದು ಉಣ್ಣೆಯಿಂದ, ಮಲೆನಾಡಿನ ಮಾತಲ್ಲಿ ಉಣುಗು. ಅದರ ಮರಿಗಳು ತರಗೆಲೆಯಲ್ಲಿ ಚುರುಕಾಗಿರುವುದು ಮಳೆ ನಿಂತ ಮೇಲೆ, ಸುಮಾರು ನವೆಂಬರಿನಿಂದ ಮೇವರೆಗೆ. ನಮ್ಮ ಚಾರಣದ ಹಂಗಾಮೂ ಅದೇ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ.

ಹೊರಡುವ ಮುಂಚೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಈ ವರ್ಷ ಸುತ್ತಮುತ್ತ ಮಂಗ ಸತ್ತಿವೆಯೇ, ಪ್ರಕರಣ ಬಂದಿದೆಯೇ ಎಂದು ಕೇಳಿ. ಹೌದಾದರೆ ಬೇರೆ ಬೆಟ್ಟ ನೋಡಿಕೊಳ್ಳಿ, ಇದರಲ್ಲಿ ಚೌಕಾಶಿ ಬೇಡ. ಇಲ್ಲವಾದರೂ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಬಯಲಾದ ಚರ್ಮಕ್ಕೆ ರೋಗವಿರುವ ಕಡೆ ಆರೋಗ್ಯ ಇಲಾಖೆ ಹಂಚುವ, ಉಣ್ಣೆ ತಡೆಯುವ ಡೆಪಾ ಎಣ್ಣೆ. ತರಗೆಲೆಯ ಮೇಲೆ ಕೂರಬೇಡಿ, ಬಂಡೆ ಮೇಲೆ ಕೂರಿ. ಸಂಜೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟದ ಪಟ್ಟಿಯ ಜಾಗ, ಮೊಣಕಾಲಿನ ಹಿಂಬದಿ, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿ. ಮರಿ ಉಣ್ಣೆ ಸಾಸಿವೆಗಿಂತ ಚಿಕ್ಕದು, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ, ತಿರುಚದೆ ಎಳೆಯಿರಿ. ಉಗುರಲ್ಲಿ ಕುಕ್ಕುವ ಅಭ್ಯಾಸ ಬಿಡಿ. ಎಣ್ಣೆ ಸುರಿದು ಕಾಯುವುದೂ ಬೇಡ.

ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಅದರ ಮೈ ಬಿಟ್ಟ ಉಣ್ಣೆಗಳು ಸುತ್ತಲೂ ಇರುತ್ತವೆ. ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆನೋವು, ಮೈಕೈ ಮುರಿಯುವ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, “ಮಲೆನಾಡಿನ ಕಾಡಿಗೆ ಹೋಗಿದ್ದೆ” ಎಂಬ ಮಾತನ್ನು ಮೊದಲೇ ಹೇಳಿ. ಹುಬ್ಬಳ್ಳಿಯ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕೆಂದಿಲ್ಲ. ಜ್ವರಕ್ಕೆ ನೀವೇ ಆಸ್ಪಿರಿನ್, ಬ್ರುಫೆನ್ ನುಂಗಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ.

ಆರು ವರ್ಷದ ಹಿಂದೆ ಕೊಂಡ ದುಬಾರಿ ಶೂ. ಹಾಕಿದ್ದು ಎರಡೇ ಸಲ. ಮೂರನೇ ಸಲ ಬೆಟ್ಟದ ಅರ್ಧದಲ್ಲಿ ಸೋಲ್ ಪೂರ್ತಿ ಕಿತ್ತು ಬಂತು. ಅಂಟು ಕಳಪೆಯೆ?
– ಓದುಗರು, ಮಂಗಳೂರು

ಅಂಟಿನದಲ್ಲ, ಕಪಾಟಿನದು ತಪ್ಪು. ಅನೇಕ ಚಾರಣದ ಶೂಗಳಲ್ಲಿ ಹೊರ ಸೋಲಿಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರಿಥೇನ್ ಪದರ ಇರುತ್ತದೆ. ಗಾಳಿಯ ತೇವ ಸೇರಿ ಅದು ವರ್ಷದಿಂದ ವರ್ಷಕ್ಕೆ ಒಳಗೊಳಗೇ ಪುಡಿಯಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಪೆಟ್ಟಿಗೆಗೆ ಹಾಕಿ ಮುಚ್ಚಿಟ್ಟರೆ ಇನ್ನೂ ಬೇಗ. ಹಾಕದೆ ಇಟ್ಟ ಶೂ ಉಳಿಯುತ್ತದೆ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಆ ಪದರವನ್ನು ಹೆಬ್ಬೆರಳಿನಿಂದ ಒತ್ತಿ: ಬಿರುಕು ಬಿಟ್ಟರೆ, ಹಿಟ್ಟಿನಂತೆ ಉದುರಿದರೆ ಅದು ಮುಗಿಯಿತು. ಹೊರಡುವ ವಾರ ಮುಂಚೆ ಊರಲ್ಲೇ 5 ಕಿಲೋಮೀಟರ್ ನಡೆದು ನೋಡಿ. ದಾರಿಯಲ್ಲಿ ಕಿತ್ತರೆ ಬಿಗಿ ಅಂಟು ನಿಲ್ಲುವುದಿಲ್ಲ, ಪುಡಿಗೆ ಅಂಟು ಹಿಡಿಯುವುದೆಲ್ಲಿ? ನೈಲಾನ್ ದಾರವನ್ನು ಸೋಲಿನ ಅಡಿಯಿಂದ ಎರಡು ಕಡೆ ಸುತ್ತಿ ಮೇಲೆ ಬಿಗಿಯಿರಿ, ಗಂಟು ಪಾದದ ಪಕ್ಕಕ್ಕಿರಲಿ. ನೀರಿನ ಬಾಟಲಿಗೆ ಒಂದೆರಡು ಮೀಟರ್ ಬಟ್ಟೆಯ ಟೇಪ್ ಸುತ್ತಿಟ್ಟುಕೊಂಡಿದ್ದರೆ ಇನ್ನೂ ಸಲೀಸು.

ಆನೆ ಅಟ್ಟಿಸಿಕೊಂಡು ಬಂದರೆ ಇಳಿಜಾರಿಗೆ ಓಡಬೇಕು, ಅದಕ್ಕೆ ಇಳಿಯಲು ಬರುವುದಿಲ್ಲ ಎನ್ನುತ್ತಾರೆ. ನಿಜವೆ?
– ಓದುಗರು, ಮೈಸೂರು

ಸುಳ್ಳು. ಘಟ್ಟದ ಆನೆ ನಿಮಗಿಂತ ಚೆನ್ನಾಗಿ ಇಳಿಯುತ್ತದೆ. ಓಡಿ ಗೆಲ್ಲುವ ಮಾತು ಬಿಡಿ, ಎದುರಾಗದಂತೆ ನೋಡಿಕೊಳ್ಳಿ. ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು, ಕೊಂಬೆ ಸೀಳುವ ಸದ್ದು, ಕಿವಿ ಬೀಸುವ ಪಟಪಟ ಇಷ್ಟರಲ್ಲಿ ಒಂದು ಸಿಕ್ಕರೂ ಮಾತು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಒಂದು ಚಿಟಿಕೆ ಒಣ ಮಣ್ಣು ಉದುರಿಸಿದರೆ ಗಾಳಿಯ ದಿಕ್ಕು ತಿಳಿಯುತ್ತದೆ. ನಿಮ್ಮ ವಾಸನೆ ಅದರತ್ತ ಹೋಗುವ ಕಡೆ ನಿಲ್ಲಬೇಡಿ. ಮರಿಯಿದ್ದರೆ ಫೋಟೊದ ಯೋಚನೆಯೂ ಬೇಡ. ನುಗ್ಗಿಯೇ ಬಿಟ್ಟರೆ ಚೀಲವನ್ನೋ ಮೇಲಂಗಿಯನ್ನೋ ಬಿಸಾಡಿ, ದಪ್ಪ ಮರ ಅಥವಾ ಬಂಡೆಯ ಮರೆಗೆ ಹೋಗಿ. ಆನೆ ವಾಸನೆ ಹಿಡಿದು ಅದನ್ನು ತಡವುವ ಕ್ಷಣಗಳೇ ನಿಮಗೆ ಸಿಗುವ ಸಮಯ.

ಏಪ್ರಿಲ್–ಮೇನಲ್ಲಿ ಮುಳ್ಳಯ್ಯನಗಿರಿ ಮೇಲೆ ಗುಡುಗು ಶುರುವಾದರೆ?
– ಓದುಗರು, ತುಮಕೂರು

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30ಕ್ಕಿಂತ ಕಡಿಮೆ ಬಂದರೆ ಇಳಿಯಿರಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯದೆ ಮತ್ತೆ ಹತ್ತಬೇಡಿ. ಕೆಳಗೆ ನಿಲ್ಲಿಸಿದ ಕಾರೇ ಒಳ್ಳೆಯ ಆಸರೆ, ಗಾಜು ಏರಿಸಿ ಕೂರಿ. ಒಂಟಿ ಮರ, ಕಬ್ಬಿಣದ ಕಂಬಿ, ತೆರೆದ ಮಂಟಪ ಬೇಡ. ಮುಂಗಾರು ಪೂರ್ವದ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗ್ಗೆಯೇ ಹತ್ತಿ ಇಳಿದುಬಿಡಿ.

ಹೋಗುವಾಗ ಪಾದ ಮುಳುಗುವಷ್ಟಿದ್ದ ಹಳ್ಳ, ಬರುವಾಗ ತೊಡೆಮಟ್ಟ ಹರಿಯುತ್ತಿತ್ತು. ಕೈ ಕೈ ಹಿಡಿದು ದಾಟಿದೆವು. ಮಾಡಿದ್ದು ಸರಿಯೆ?
– ಓದುಗರು, ಶಿವಮೊಗ್ಗ

ಬದುಕಿ ಬಂದಿರಿ, ಆದರೆ ಸರಿಯಲ್ಲ. ರಭಸದ ನೀರು ಮೊಣಕಾಲು ದಾಟಿದರೆ ದಾಟಬಾರದು. ಕೈ ಹಿಡಿದ ಸಾಲಿನಲ್ಲಿ ಒಬ್ಬರು ಜಾರಿದರೆ ಉಳಿದವರೂ ಹೋಗುತ್ತಾರೆ. ಮೊಣಕಾಲಿನ ಕೆಳಗಿದ್ದರೆ ಹಳ್ಳ ಅಗಲವಾಗಿ ಹರಡಿದ ಜಾಗ ಹುಡುಕಿ, ಅಲ್ಲಿ ಆಳ ಕಡಿಮೆ. ಅದರ ಕೆಳಗೆ ಅಬ್ಬಿ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಶೂ ಕಾಲಲ್ಲೇ ಇರಲಿ, ಸಾಕ್ಸ್ ಮಾತ್ರ ತೆಗೆಯಿರಿ. ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಒಡನೆ ಕಳಚುವಂತಿರಬೇಕು. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದನ್ನು ಅಡ್ಡಕ್ಕೆ ಸರಿಸಿ.

ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ನೆತ್ತಿಯಲ್ಲಿ ಮಳೆ ಬಂದಿರಬಹುದು. ನೀರಿಗೆ ಕೆಮ್ಮಣ್ಣಿನ ಬಣ್ಣ ಬಂದರೆ, ತರಗು-ಕಡ್ಡಿ ತೇಲಿ ಬಂದರೆ, ಸದ್ದು ದಪ್ಪಗಾದರೆ ಕಾಲಿಡದೆ ದಡದ ಎತ್ತರಕ್ಕೆ ಹೋಗಿ. ನಮ್ಮ ಹಳ್ಳಗಳು ಹರಿದು ಬರುವ ದೂರ ಚಿಕ್ಕದು, ಮೇಲೆ ಮಳೆ ನಿಂತರೆ ಎರಡು-ಮೂರು ಗಂಟೆಯಲ್ಲಿ ಇಳಿಯುವುದೇ ಹೆಚ್ಚು. ನೀರಂಚಿಗೆ ಒಂದು ಕಡ್ಡಿ ನೆಟ್ಟು ಕಾಯಿರಿ. ಕಡ್ಡಿಯಿಂದ ನೀರು ಒಂದು ಗೇಣು ಕೆಳಗಿಳಿದರೆ ಮತ್ತೆ ಆಳ ನೋಡಿ. ಕಡ್ಡಿ ಮುಳುಗಿದರೆ ರಾತ್ರಿ ಈ ದಡದಲ್ಲೇ ಎಂದು ತಿಳಿದು, ಬೆಳಕಿರುವಾಗಲೇ ಕೂರಲು ಎತ್ತರದ ಜಾಗ ನೋಡಿಕೊಳ್ಳಿ.