ಸಂಪಾದಕರ ಉತ್ತರ: ನೀರನ್ನಷ್ಟೇ ನೋಡಬೇಡಿ, ನೆಲವನ್ನೂ ನೋಡಿ

ಕುಮಟಾದ ಓದುಗರೊಬ್ಬರ ಪತ್ರ: "ನದಿಗಳು ಮಣ್ಣು ಹೊತ್ತು ತಂದು ಕಡಲಿಗೆ ಸುರಿಯುತ್ತವೆ, ಅದಕ್ಕೇ ಕಡಲ ಮಟ್ಟ ಏರುತ್ತದೆ. ಹೂಜಿಗೆ ಕಲ್ಲು ಹಾಕಿದ ಕಾಗೆಯ ಕಥೆ ಇದೇ ಅಲ್ವಾ? ಸುಮ್ನೆ ಹಿಮ ಕರಗಿತು ಅಂತ ಯಾಕೆ ಹೆದರಿಸುತ್ತೀರಿ?"

ಕಾಗೆ ಬಂದದ್ದು ಖುಷಿಯಾಯಿತು. ಉಳಿದವರು ನಗಬೇಡಿ, ವಿಯೆನ್ನಾದ ಭೂವಿಜ್ಞಾನಿ ಎಡ್ವರ್ಡ್ ಸೂಸ್ 1888ರಲ್ಲೇ ಈ ಮಾತು ಹೇಳಿದ್ದ. ಆದರೆ ಲೆಕ್ಕ ಹಾಕಿ ಸ್ವಾಮಿ! ಕಡಲು 1 ಮಿಲಿಮೀಟರ್ ಏರಬೇಕಾದರೆ 360 ಘನ ಕಿಲೋಮೀಟರ್ ಮಣ್ಣು ಅದರೊಳಗೆ ಬೀಳಬೇಕು. ನದಿಗಳ ಮಣ್ಣು ಅದರ ಹತ್ತಿರಕ್ಕೂ ಬರುವುದಿಲ್ಲ. ಹಿಮ ಕರಗುತ್ತಿದೆ, ಕಾದ ನೀರು ಹಿಗ್ಗುತ್ತಿದೆ, 2006ರಿಂದ 2018ರವರೆಗೆ ಕಡಲು ವರ್ಷಕ್ಕೆ 3.7 ಮಿಲಿಮೀಟರ್ ಏರಿದೆ. ಒಪ್ಪಿದೆ, ಅದಷ್ಟು ಮುಗಿಯಿತು.

ಈಗ ನನ್ನ ಹುಚ್ಚಿಗೆ ಬರುತ್ತೇನೆ. ಎಲ್ಲರೂ ನೀರನ್ನೇ ನೋಡುತ್ತಾರೆ, ನೆಲ ಯಾರಿಗೂ ಬೇಡ. ಇಟಲಿಯ ನೇಪಲ್ಸ್ ಪಕ್ಕದ ಪೊತ್ಸುವೋಲಿಯಲ್ಲಿ ರೋಮನ್ನರ ಕಾಲದ ಮಾರುಕಟ್ಟೆಯೊಂದರ ಮೂರು ಅಮೃತಶಿಲೆ ಕಂಬಗಳಿವೆ. ಬುಡ ನಯವಾಗಿದೆ. ಎರಡಾಳೆತ್ತರದ ಮೇಲೆ ಸುತ್ತಲೂ ತೂತು, ಗೆದ್ದಲು ಹಿಡಿದ ತೊಲೆಯ ಹಾಗೆ. ಅದು ಕಲ್ಲು ಕೊರೆಯುವ ಕಡಲ ಚಿಪ್ಪುಜೀವಿಗಳ ಕೆಲಸ. ಅಂದರೆ ಕಂಬಗಳು ನಿಂತ ಹಾಗೇ ಮುಳುಗಿ, ನಿಂತ ಹಾಗೇ ಮೇಲೆ ಬಂದಿವೆ! ಅಲ್ಲಿ ನೆಲದಡಿ ಜ್ವಾಲಾಮುಖಿಯಿದೆ, ನೆಲವನ್ನು ಏರಿಸಿ ಇಳಿಸುವುದು ಅದೇ. 1830ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನ್ನ ಪುಸ್ತಕದ ಮುಖಚಿತ್ರಕ್ಕೆ ಈ ಕಂಬಗಳನ್ನೇ ಆರಿಸಿಕೊಂಡ. 1982-84ರಲ್ಲಿ ಆ ಊರು ಸುಮಾರು 1.8 ಮೀಟರ್ ಮೇಲೆದ್ದು, ಬಂದರಿನಲ್ಲಿ ನೀರೇ ಸಾಲದೆ ಹೋಯಿತು.

ನಮ್ಮ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ 2004ರ ಡಿಸೆಂಬರ್ 26ರಂದು ಒಂದೇ ಭೂಕಂಪಕ್ಕೆ 4.25 ಮೀಟರ್ ಕುಸಿಯಿತು. ದೀಪಸ್ತಂಭದ ಬುಡಕ್ಕೆ ನೀರು ಬಂತು. ಅದೇ ಭೂಕಂಪಕ್ಕೆ ಉತ್ತರ ಅಂಡಮಾನಿನಲ್ಲಿ ಹವಳದ ದಿಬ್ಬಗಳು ಮೇಲೆದ್ದು ಒಣಗಿದವು. ಕಡಲು ಒಂದೇ, ಒಂದು ಕಡೆ ಏರಿದ ಹಾಗೆ, ಇನ್ನೊಂದು ಕಡೆ ಇಳಿದ ಹಾಗೆ!

ಜಕಾರ್ತಕ್ಕೆ ಭೂಕಂಪವೂ ಬೇಕಾಗಲಿಲ್ಲ, ಬೋರ್‌ವೆಲ್ಲೇ ಸಾಕಾಯಿತು. ಅಂತರ್ಜಲ ಹೀರಿದ ಹಾಗೆಲ್ಲ ನೆಲ ಕೂತು, ಕೆಲವು ಕಡೆ ವರ್ಷಕ್ಕೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಇಳಿದಿದೆ. ಇದನ್ನು ಹೇಳಿದರೆ ಪಂಪು ನಿಲ್ಲಿಸಬೇಕಾಗುತ್ತದೆ ನೋಡಿ, ಅದಕ್ಕೇ ಎಲ್ಲರಿಗೂ ಕಡಲನ್ನು ಬೈಯುವುದು ಸಲೀಸು. ತಪ್ಪು ನಮ್ಮ ಪಾಠದ್ದೂ ಹೌದು. ನನಗೆ ಶಾಲೆಯಲ್ಲಿ ಭೂಮಿಯ ಪದರಗಳನ್ನು ಬಾಯಿಪಾಠ ಮಾಡಿಸಿದರು, ಹಿತ್ತಲಿನ ಬಂಡೆಯನ್ನು ಒಂದು ದಿನವೂ ಮುಟ್ಟಿಸಲಿಲ್ಲ.

ನೀವೋ ಕಡಲ ಪಕ್ಕದವರು. ಮುಂದಿನ ಪತ್ರದಲ್ಲಿ ಕಾಗೆ ಬೇಡ. ನಿಮ್ಮ ಬಾವಿ ಎಷ್ಟು ಆಳ, ಮೇ ತಿಂಗಳಲ್ಲಿ ನೀರು ಉಪ್ಪಾಗುತ್ತದಾ, ಅದನ್ನು ಬರೆಯಿರಿ.